ನೀರು ಹಾಕುವ ಕೈ

ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ಆಮಿನಾಬಿಯವರು ಕೆ.ಆರ್. ನಗರದಲ್ಲಿರುವ ಮಗಳ ಮನೆಯ ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು, ರವಿಕೆಯ ತೋಳು ಮೇಲಕ್ಕೆ ಸರಿಸಿ, ಬಕೆಟ್ಟಿನ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡುತ್ತಿದ್ದರು. ಹಸುಗೂಸಿಗೆ ಎರೆಯುವವರು ನೋಡುವ ರೀತಿ ಅದು. ಬೆರಳು ಒಲೆಗೆ ಒಗ್ಗಿರುತ್ತದೆ, ಅದನ್ನು ನಂಬಬಾರದು, ಮೊಣಕೈಯನ್ನು ನಂಬಬೇಕು ಎಂದು ಕೆಲಸಕ್ಕೆ ಜೊತೆಯಾಗುವ ಸುಫಿಯಾಗೆ ಕಲಿಸಿದವರೂ ಅವರೇ.

"ಇನ್ನೊಂದ್ ಚೊಂಬು ತಣ್ಣೀರು" ಎಂದರು.

ಸುಫಿಯಾ ತಂದು ಹಾಕಿದಳು. ಮತ್ತೆ ಮೊಣಕೈ.

"ಸಾಕು."

ಆ ನೀರು ಅವರ ಮಗಳಿಗಾಗಿ. ಹೆಸರು ಉಮ್ಮೆ ಹಾನಿ, ಮನೆಯವರಿಗೆಲ್ಲ ಉಮ್ಮಿ. ಮೂವತ್ನಾಲ್ಕು ವರ್ಷ. ಹಿಂದಿನ ಸಂಜೆ ರೊಟ್ಟಿ ತಟ್ಟುತ್ತಿದ್ದವಳು ತಲೆನೋವು ಎಂದು ಒರಗಿದ್ದಳು. ತಲೆಯೊಳಗೆ ರಕ್ತನಾಳ ಒಡೆದಿದೆ ಎಂದು ಮೈಸೂರಿನ ಆಸ್ಪತ್ರೆಯಲ್ಲಿ ಹೇಳುವ ಹೊತ್ತಿಗೆ ಮಾಡುವುದೇನೂ ಉಳಿದಿರಲಿಲ್ಲ. ನಸುಕಿಗೆ ದೇಹ ಮನೆಗೆ ಬಂದಿತ್ತು. ಮಧ್ಯಾಹ್ನದ ನಮಾಜು ಮುಗಿಸಿ ಮಣ್ಣು ಎಂದು ನಿಗದಿಯಾಗಿತ್ತು.

ಸುಫಿಯಾಗೆ ಹೆದರಿಕೆಯಾಗಿದ್ದು ಸಾವಿಗಲ್ಲ. ಹುಣಸೂರಿನಿಂದ ಬರುವಾಗ ವ್ಯಾನಿನಲ್ಲಿ ಆಮಿನಾಬಿ ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು. "ನನ್ ಮಗಳ್ನ ನಾನೇ ತೊಳೀತೀನಿ. ಇನ್ಯಾರೂ ಕೈ ಮಡಗಬಾರ್ದು." ಇಪ್ಪತ್ತಾರು ವರ್ಷ ತಾವೇ ಬಿಗಿಯಾಗಿ ಹಿಡಿದುಕೊಂಡು ಬಂದ ಒಂದು ಕಟ್ಟುಪಾಡನ್ನು ಅವರು ಆ ಮಾತಿನಲ್ಲಿ ಮುರಿದಿದ್ದರು. ಬೇರೆ ಯಾರಿಗೂ ಅದು ತಿಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಸುಫಿಯಾಗೆ ತಿಳಿಯಿತು.

ಹುಣಸೂರಿನಲ್ಲಿ ಮರ ಕೊಯ್ಯುವ ಮಿಲ್ಲುಗಳ ಹಿಂದಿನ ಬೀದಿಗಳಲ್ಲಿ ಮುಸಲ್ಮಾನರ ಮನೆಯ ಹೆಂಗಸರು ಯಾರಾದರೂ ತೀರಿಕೊಂಡರೆ ಮೊದಲ ಫೋನು ಹೋಗುವುದು ಆಮಿನಾಬಿಗೆ. ಮಣ್ಣಿಗೆ ಕೊಡುವ ಮುಂಚೆ ಮೈ ತೊಳೆಯಬೇಕು. ಅದಕ್ಕೆ ಗುಸುಲ್ ಎನ್ನುತ್ತಾರೆ. ಹೆಂಗಸಿನ ಮೈಯನ್ನು ಹೆಂಗಸರೇ ತೊಳೆಯಬೇಕು. ಆಮಿನಾಬಿ ಹುಟ್ಟಿದ್ದು ಮಿರ್ಲೆಯಲ್ಲಿ, ಊರಿಗೆ ಎರಡೇ ಮುಸಲ್ಮಾನರ ಮನೆ. ಹಾಗಾಗಿ ನಾಲಿಗೆಯ ಮೇಲೆ ಉರ್ದುವಿಗಿಂತ ಮಿರ್ಲೆಯ ಕನ್ನಡವೇ ಜಾಸ್ತಿ. ಮದುವೆಯಾಗಿ ಹುಣಸೂರಿಗೆ ಬಂದರು. ಗಂಡ ನಸೀರ್ ಮರದ ಸಾಮಾನುಗಳಿಗೆ ಪಾಲಿಶ್ ಹಾಕುವವರು. ಆಮಿನಾಬಿ ಮನೆಯ ಮುಂದಿನ ಕೋಣೆಯಲ್ಲಿ ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದರು. ತೊಳೆಯುವ ಕೆಲಸವನ್ನು ಅತ್ತೆಯಿಂದ ಕಲಿತರು. ಅತ್ತೆಗೆ ಮಂಡಿ ಹಿಡಿದುಕೊಂಡ ಮೇಲೆ ಅದು ಇವರ ಪಾಲಿಗೇ ಬಂತು.

ಅತ್ತೆ ಕಲಿಸದೇ ಇದ್ದ ಎರಡು ಸಂಗತಿಗಳನ್ನು ಆಮಿನಾಬಿ ತಾವೇ ಸೇರಿಸಿಕೊಂಡಿದ್ದರು.

ಒಂದು, ಅವರು ತೀರಿಕೊಂಡವರ ಜೊತೆ ಮಾತಾಡುತ್ತಿದ್ದರು. ಮುಂದೆ ಏನು ಮಾಡುತ್ತೇನೆ ಎಂದು ಹೇಳದೆ ಕೈ ಹಚ್ಚುತ್ತಿರಲಿಲ್ಲ. "ಈಗ ಎಡಕ್ಕೆ ತಿರುಗಿಸ್ತೀನಿ ಕಣಕ್ಕ, ಗಾಬರಿ ಆಗ್ಬೇಡ." "ಕಿವಿ ಹಿಂದೆ ನೀರ್ ಹಾಕ್ತೀನಿ." ಅದು ಪ್ರಾರ್ಥನೆಯಲ್ಲ, ಗೊಣಗಾಟವೂ ಅಲ್ಲ. ಬಳೆ ತೊಡಿಸುವವಳು ಕೈ ಹಿಡಿದುಕೊಂಡು ಆಡುವಂಥ ಮಾತು.

ಇನ್ನೊಂದು, ನೀರು ಹಾಕುವುದನ್ನು ಅವರು ಮನೆಯವರಿಂದಲೇ ಮಾಡಿಸುತ್ತಿದ್ದರು. ಮಗಳಿದ್ದರೆ ಮಗಳು, ಇಲ್ಲದಿದ್ದರೆ ಸೊಸೆ, ತಂಗಿ. ಅತಿ ಹತ್ತಿರದವಳ ಕೈಗೆ ಚೊಂಬು. ಆದರೆ ತೊಳೆಯುವ ಕೈ ಮಾತ್ರ ಹೊರಗಿನದು. ಹತ್ತಿರದವರೇ ತೊಳೆದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೆಲವರು ಕೇಳುತ್ತಿದ್ದರು. "ನೀರ್ ಹಾಕೋದೂ ತೊಳ್ಯೋದೇ ಅಲ್ವೇನವ್ವ?" ಎನ್ನುತ್ತಿದ್ದರು.

ಯಾಕೆ ಹಾಗೆ ಎಂಬುದನ್ನು ಸುಫಿಯಾಗೆ ಒಮ್ಮೆ ಮಾತ್ರ ಹೇಳಿದ್ದರು. ಬಹಳ ವರ್ಷದ ಹಿಂದೆ ಗುರುಪುರದ ಕಡೆಯ ಒಬ್ಬ ತಾಯಿ, ನನ್ನ ಮಗಳನ್ನು ನಾನೇ ತೊಳೆಯುತ್ತೇನೆ ಎಂದು ಕಾಲು ಹಿಡಿದಿದ್ದಳಂತೆ. ಆಮಿನಾಬಿ ಒಪ್ಪಿದರು. ಆ ತಾಯಿ ಮಗಳ ಬಲಗೈಯಿಂದ ಶುರು ಮಾಡಿದಳು, ಬಲಗೈ ಬಿಟ್ಟು ಮುಂದಕ್ಕೆ ಹೋಗಲೇ ಇಲ್ಲ. ಬೆರಳು ತೊಳೆದಳು, ಅಂಗೈ ತೊಳೆದಳು, ಮತ್ತೆ ಬೆರಳಿಗೆ ಬಂದಳು. ಕಾಯಿಸಿದ ನೀರೆಲ್ಲ ಮುಗಿದು ಮತ್ತೆ ಒಲೆ ಹಚ್ಚಿದರು. ಹೊರಗೆ ಗಂಡಸರು ಕೂಗುತ್ತಿದ್ದರು. ಕೊನೆಗೆ ನಾಲ್ಕು ಜನ ಹಿಡಿದು ಅವಳನ್ನು ಎಬ್ಬಿಸಬೇಕಾಯಿತು. ಮಗಳ ಕೈ ಅವಳ ಕೈಯಿಂದ ಜಾರಿದ್ದು ಹಾಗೆ, ಎಳೆದಾಟದಲ್ಲಿ.

"ತೊಳ್ಯೋ ಕೆಲ್ಸಕ್ಕೆ ಕೊನೆ ಇಲ್ಲ ಕಣ್ ಮಗಾ" ಎಂದಿದ್ದರು ಆಮಿನಾಬಿ. "ಕೊಳೆ ಇದ್ರೆ ತಾನೆ ಹೋಯ್ತು ಅಂತ ಗೊತ್ತಾಗೋದು. ನೀರ್ ಹಾಕೋದಕ್ಕಾದ್ರೆ ಲೆಕ್ಕ ಐತೆ."

ಸುಫಿಯಾ ಈ ಕೆಲಸಕ್ಕೆ ಬಂದಿದ್ದು ತನ್ನ ತಾಯಿಯ ಸಾವಿನಿಂದ. ತಾಯಿ ಜೈತೂನ್‌ಬಿ ತೀರಿಕೊಂಡ ದಿನ ಅವಳು ಅಡುಗೆಮನೆಯ ಮೂಲೆಯಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ನಿಂತುಬಿಟ್ಟಿದ್ದಳು. ಯಾರು ಕರೆದರೂ ಹೊರಗೆ ಬರಲಿಲ್ಲ. ಬೀದಿಯ ಹುಡುಗಿಯರಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಆಗಿದ್ದ ಆಮಿನಾಬಿ ತಾವೇ ಒಳಗೆ ಬಂದು ಅವಳ ಕೈಗೆ ಚೊಂಬು ಕೊಟ್ಟರು.

"ನನ್ನಿಂದ ಆಗಲ್ಲ ಖಾಲಾ. ನಾನು ಅಳ್ತೀನಿ."

"ಅಳು, ಬ್ಯಾಡ ಅಂದೋರ್ಯಾರು? ಅಳ್ತಾ ಅಳ್ತಾ ನೀರ್ ಹಾಕು. ಎರಡೂ ಒಟ್ಗೇ ಆಯ್ತದೆ."

ಜೈತೂನ್‌ಬಿ ದೊಡ್ಡ ಆಳು. ಪಕ್ಕಕ್ಕೆ ತಿರುಗಿಸುವಾಗ ಆಮಿನಾಬಿಗೆ ಉಸಿರು ಸಿಕ್ಕಿಕೊಂಡಿತು. "ಏನ್ ಜೈತೂನಕ್ಕ, ಮದ್ವೆ ಮನೇಲಿ ಎರಡ್ ಪ್ಲೇಟ್ ಬಿರಿಯಾನಿ ಕಮ್ಮಿ ತಿಂದಿದ್ರೆ ಇವತ್ತು ನನ್ ಸೊಂಟ ಉಳೀತಿತ್ತಲ್ಲಾ" ಎಂದರು. ಸುಫಿಯಾ ಚೊಂಬು ಹಿಡಿದೇ ನಕ್ಕುಬಿಟ್ಟಳು. ತನ್ನ ನಗುವಿನ ಸದ್ದು ತನಗೇ ಕೇಳಿ ಗಾಬರಿಯಾದಳು. ಆಮಿನಾಬಿ ತಲೆ ಎತ್ತದೆ, "ಬುಡು, ನಿಮ್ಮಮ್ಮನೂ ನಕ್ಕಿರ್ತಾಳೆ. ನೀರ್ ಹಾಕು" ಎಂದರು. ಆವತ್ತು ರಾತ್ರಿ ಸುಫಿಯಾ ಊಟ ಮಾಡಿದಳು, ನಿದ್ದೆಯನ್ನೂ ಮಾಡಿದಳು. ದೂರದಲ್ಲೇ ನಿಂತಿದ್ದ ಅವಳ ಅಕ್ಕ ವಾರಗಟ್ಟಲೆ ಎರಡನ್ನೂ ಸರಿಯಾಗಿ ಮಾಡಲಿಲ್ಲ. ಈ ವ್ಯತ್ಯಾಸ ಸುಫಿಯಾಳ ಮನಸ್ಸಿನಲ್ಲಿ ಉಳಿಯಿತು. ಮುಂದಿನ ಬಾರಿ ಆಮಿನಾಬಿಗೆ ಕರೆ ಬಂದಾಗ ಅವಳೂ ಜೊತೆಗೆ ಹೊರಟಳು.

ಕೊರೊನಾ ಕಾಲದಲ್ಲಿ ತೊಳೆಯಲಿಕ್ಕೆ ಯಾರೂ ಇರಲಿಲ್ಲ. ಆಸ್ಪತ್ರೆಯಿಂದ ಚೀಲದಲ್ಲಿ ಸುತ್ತಿ ತಂದು ಹಾಗೇ ಮಣ್ಣಿಗಿಟ್ಟರು. ಅಂಥ ಮನೆಗಳ ಹೆಣ್ಣುಮಕ್ಕಳಿಗೆ ಆಗಿದ್ದ ನೋವು ಬೇರೆಯದೇ ಬಗೆಯದು. ತಾಯಿ ಹೋದಳು ಎನ್ನುವುದಕ್ಕಿಂತ ಕೊಳೆಯಲ್ಲೇ ಹೋದಳು ಎಂಬುದು ಅವರನ್ನು ತಿನ್ನುತ್ತಿತ್ತು. ಬೀದಿಗಳು ಮತ್ತೆ ತೆರೆದ ಮೇಲೆ ಆಮಿನಾಬಿ ಆ ಮನೆಗಳಿಗೆ ಒಂದೊಂದಾಗಿ ಹೋದರು. "ನಿಮ್ಮಮ್ಮನ ಸೀರೆ ತಗಂಡ್ ಬಾ" ಎನ್ನುವರು. ಎಲಚಿ ಸೊಪ್ಪು ಹಾಕಿ ನೀರು ಕಾಯಿಸುವರು. ಆ ನೀರಲ್ಲಿ ಸೀರೆಗಳನ್ನು ಮಗಳ ಕೈಯಿಂದಲೇ ಒಗೆಸಿ, ಒಣಗಿಸಿ, ಮಡಿಸಿ, ಬಡವರಿಗೆ ಕೊಡಿಸುವರು. ಇದೆಲ್ಲ ನಮ್ಮ ಧರ್ಮದಲ್ಲಿ ಎಲ್ಲಿದೆ ಎಂದು ಒಬ್ಬ ಹಿರಿಯರು ಆಕ್ಷೇಪಿಸಿದರು. "ಬಟ್ಟೆ ಒಗ್ಯೋದಕ್ಕೂ ಫತ್ವಾ ಬೇಕೇನ್ರಣ್ಣಾ?" ಎಂದು ಕೇಳಿ ಆಮಿನಾಬಿ ಮುಂದಿನ ಮನೆಗೆ ಹೊರಟರು.

ಎಲಚಿ ಸೊಪ್ಪು ಬರುತ್ತಿದ್ದುದು ಪಕ್ಕದ ಮನೆಯ ಮಂಗಳಮ್ಮನ ಹಿತ್ತಲಿನಿಂದ. ಮೈ ತೊಳೆಯುವ ನೀರಿಗೆ ಆ ಸೊಪ್ಪು ಬೇಕೇ ಬೇಕು. ಆಮಿನಾಬಿ ಬೇಲಿಯ ಹತ್ತಿರ ಕಂಡರೆ ಸಾಕು, ಮಂಗಳಮ್ಮ ಶುರು ಮಾಡುತ್ತಿದ್ದಳು.

"ಬಂದ್ಲಪ್ಪ ನಮ್ಮವ್ವ! ನನ್ ಮರ ಬೋಳಾಯ್ತು ಕಣೇ ನಿನ್ನಿಂದ. ಒಂದ್ ಹಣ್ಣಾದ್ರೂ ತಿನ್ನಕೆ ಬುಡ್ತೀಯಾ?"

"ಹಣ್ಣು ನಿಂಗೆ, ಸೊಪ್ಪು ನಂಗೆ. ಅಂಗೇ ತಾನೆ ಮಾತಾಗಿರೋದು?"

"ಯಾವಾಗಾಯ್ತು? ಯಾರ್ ಮುಂದಾಯ್ತು?" ಎನ್ನುತ್ತಲೇ ಮಂಗಳಮ್ಮ ಕೊಂಬೆ ಬಗ್ಗಿಸಿಕೊಡುತ್ತಿದ್ದಳು, ಮುಳ್ಳು ತಾಗದ ಹಾಗೆ.

ಈ ಫೆಬ್ರುವರಿಯ ಬೆಳಿಗ್ಗೆ ಆಮಿನಾಬಿ ಬೇಲಿಯ ಹತ್ತಿರ ಹೋಗಲಿಲ್ಲ. ವ್ಯಾನು ಹೊರಡುವ ಹೊತ್ತಿಗೆ ಮಂಗಳಮ್ಮನೇ ಒಂದು ಚೀಲ ಸೊಪ್ಪು ಹಿಡಿದುಕೊಂಡು ಬಂದು, ಯಾರನ್ನೂ ಕೇಳದೆ ಹಿಂದಿನ ಸೀಟಿನಲ್ಲಿ ಕೂತಳು. ಅವಳ ಮುಂಗೈ ತುಂಬ ಮುಳ್ಳು ಗೀರಿದ ಗೆರೆಗಳಿದ್ದವು. ಕೆ.ಆರ್. ನಗರಕ್ಕೆ ಬಂದ ಮೇಲೆ ಹಿತ್ತಲಿನ ಒಲೆಯನ್ನು ಅವಳೇ ವಹಿಸಿಕೊಂಡಳು.

ಮೈಯನ್ನು ಮಲಗಿಸುವ ಹಲಗೆಯನ್ನು ನಸೀರ್ ಹುಣಸೂರಿನಿಂದಲೇ ವ್ಯಾನಿನ ಮೇಲೆ ಕಟ್ಟಿಕೊಂಡು ತಂದಿದ್ದರು. ಹೆಂಡತಿಯ ಕೆಲಸಕ್ಕೆಂದು ಅವರೇ ಮಾಡಿಕೊಟ್ಟ ಹಲಗೆ ಅದು. ಕಾಲಿನ ಕಡೆಗೆ ಒಂದಿಷ್ಟು ಇಳಿಜಾರು, ನಡುನಡುವೆ ನೀರು ಸೋರುವ ಸಂದು. ಹಿತ್ತಲಲ್ಲಿ ಅದನ್ನು ಇಳಿಸಿ, ಒಂದು ಚೊಂಬು ನೀರು ಸುರಿದು ಹರಿವು ನೋಡಿದರು. ಆಮೇಲೆ ಅಂಗೈಯನ್ನು ಹಲಗೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಳೆದರು. ಸಿಬಿರು ಇದೆಯೇ ಎಂದು ನೋಡುವ ಕೈ ಅದು. ವರ್ಷಗಟ್ಟಲೆ ನೀರು ಕುಡಿದು ನುಣುಪಾದ ಹಲಗೆಯಲ್ಲಿ ಸಿಬಿರು ಎಲ್ಲಿಂದ ಬರಬೇಕು? ಆದರೂ ಮತ್ತೊಮ್ಮೆ ಎಳೆದರು, ಮಗದೊಮ್ಮೆ ಎಳೆದರು. ನಂತರ ತಲೆ ತಗ್ಗಿಸಿಕೊಂಡು ಮುಂದಿನ ಜಗಲಿಗೆ, ಅಳಿಯ ತೌಸಿಫ್ ಕೂತಿದ್ದ ಕಡೆಗೆ ಹೋದರು. ಅಲ್ಲಿಂದಾಚೆಗೆ ಗಂಡಸರು ಬರುವಂತಿಲ್ಲ.

ಹಿತ್ತಲಿನ ಸುತ್ತ ಸೀರೆಗಳನ್ನು ಕಟ್ಟಿ ಮರೆ ಮಾಡಿದರು. ಮರೆಯ ಒಳಗೆ ಮೂವರು: ಆಮಿನಾಬಿ, ಸುಫಿಯಾ, ಉಮ್ಮಿಯ ನಾದಿನಿ. ಹೊರಗೆ ಒಲೆಯ ಮುಂದೆ ಮಂಗಳಮ್ಮ.

"ಖಾಲಾ, ತೊಳೆಯೋದು ನಾನು ಮಾಡ್ಲಾ?" ಎಂದು ಸುಫಿಯಾ ಮೆಲ್ಲಗೆ ಕೇಳಿದಳು.

"ಯೋಳಿದ್ನಲ್ಲ."

"ತಾಯೀನೇ ಮಾಡ್ಲಿ ಬಿಡಿ" ಎಂದಳು ನಾದಿನಿ. "ಹೆತ್ತೋರಿಗಿಂತ ಇನ್ಯಾರು?"

ಸುಫಿಯಾ ಚೊಂಬು ಹಿಡಿದು ಪಕ್ಕಕ್ಕೆ ನಿಂತಳು. ಉಮ್ಮಿಯ ಮೈಮೇಲೆ ಕುತ್ತಿಗೆಯಿಂದ ಪಾದದವರೆಗೆ ದಪ್ಪನೆಯ ಚಾದರ ಹೊದಿಸಿತ್ತು. ತೊಳೆಯುವುದೆಲ್ಲ ಆ ಚಾದರದ ಅಡಿಯಲ್ಲೇ. ತೊಳೆಯುವವರು ಕೈಗೆ ಬಟ್ಟೆಯ ಚೀಲ ತೊಟ್ಟುಕೊಳ್ಳಬೇಕು. ಆಮಿನಾಬಿ ಚೀಲ ತೊಟ್ಟು ಅದರ ದಾರ ಕಟ್ಟಿಕೊಳ್ಳಲು ನೋಡಿದರು. ದಿನಕ್ಕೆ ಹತ್ತು ಸೀರೆಗೆ ಸೂಜಿ ಹಾಕುವ ಬೆರಳುಗಳಿಗೆ ಆ ಒಂದು ಗಂಟು ಕೂಡಲಿಲ್ಲ. ಹಲ್ಲಿನಿಂದ ಎಳೆದು ಹೇಗೋ ಕಟ್ಟಿಕೊಂಡರು.

ಸುಫಿಯಾ ಅವರ ಮಾತಿಗಾಗಿ ಕಾದಳು. ಪ್ರತಿಯೊಬ್ಬರಿಗೂ ಅವರು ಮೊದಲು ಹೇಳುತ್ತಿದ್ದುದು ತಾವು ಯಾರು, ಏನು ಮಾಡಲು ಬಂದಿದ್ದೇವೆ ಎಂದು. ಆವತ್ತು ಅದು ಬರಲಿಲ್ಲ. ಆಮಿನಾಬಿ ಮಗಳ ತಲೆಯ ಹತ್ತಿರ ಕೂತು ಕೂದಲನ್ನು ಹಿಂದಕ್ಕೆ ಸರಿಸಿದರು. ಕಿವಿಯ ಹತ್ತಿರ ಬಗ್ಗಿದರು.

"ಎದ್ದೇಳು ಮಗಾ, ಹೊತ್ತಾಯ್ತು" ಎಂದರು.

ಸ್ಕೂಲಿಗೆ ಎಬ್ಬಿಸುವ ದನಿ ಅದು. ಆಮಿನಾಬಿ ತಾವು ಆಡಿದ್ದನ್ನು ತಾವೇ ಕೇಳಿಸಿಕೊಂಡರು. ಮಗಳ ಮುಖವನ್ನು ನೋಡಿದರು, ಉತ್ತರಕ್ಕೆ ಕಾಯುವವರ ಹಾಗೆ. ಆಮೇಲೆ ಅವರ ಕೈ ಉಮ್ಮಿಯ ಬಲಗೈಯನ್ನು ಹುಡುಕಿ ಹಿಡಿದುಕೊಂಡಿತು. ಹಿಡಿದದ್ದು ಹಿಡಿದಂತೆಯೇ ಇತ್ತು.

ಸುಫಿಯಾ ಚೊಂಬನ್ನು ಕೆಳಗಿಟ್ಟು ಅವರ ಪಕ್ಕದಲ್ಲಿ ಕೂತಳು. ಎಳೆಯಬಾರದು ಎಂಬುದೊಂದು ಅವಳಿಗೆ ಖಚಿತವಾಗಿ ಗೊತ್ತಿತ್ತು. ತನ್ನ ಕೈಯನ್ನು ಆಮಿನಾಬಿಯ ಕೈಯ ಮೇಲಿಟ್ಟಳು, ಅದರ ಕೆಳಗೆ ಉಮ್ಮಿಯ ಕೈ. ಮೂರು ಕೈ ಹಾಗೇ ಇದ್ದವು.

"ನಾನೇ ಮಾಡ್ಬೇಕು ಕಣ್ ಮಗಾ" ಎಂದರು ಆಮಿನಾಬಿ. "ಹುಟ್ಟಿದಾಗ ನಾನೇ ಎರೆದಿದ್ದು."

"ಹೂಂ ಖಾಲಾ."

"ಬೇರೆಯೋರು ಮುಟ್ಟಿದ್ರೆ ಅವ್ಳಿಗೆ ಕಚಗುಳಿ. ಸಣ್ಣೋಳಿದ್ದಾಗಿಂದ್ಲೂ."

"ಗೊತ್ತು. ನಾನ್ ಮೆಲ್ಲಗೆ ಮಾಡ್ತೀನಿ." ಸ್ವಲ್ಪ ತಡೆದು ಸುಫಿಯಾ ಕೇಳಿದಳು, "ನಮ್ಮಮ್ಮನಿಗೆ ನೀರು ಹಾಕಿದ್ದು ಯಾರು ಖಾಲಾ?"

"ನೀನು."

"ನೀವು ಹಾಕ್ಸಿದ್ರಿ. ನಾನು ಆಗಲ್ಲ ಅಂದಿದ್ದೆ."

ಆಮಿನಾಬಿ ಎಡಗೈಯಿಂದ ಬಲಗೈಯ ಚೀಲದ ದಾರವನ್ನು ಹುಡುಕಿದರು. ಹಲ್ಲಿನಿಂದ ಬಿಗಿದಿದ್ದ ಗಂಟು, ಬಿಚ್ಚಲಿಲ್ಲ. ಸುಫಿಯಾ ಬಿಚ್ಚಿದಳು. ಚೀಲವನ್ನು ತಾನು ತೊಟ್ಟುಕೊಂಡಳು. ಆಮಿನಾಬಿ ಎದ್ದರು, ಒಂದು ಕ್ಷಣ ಹಲಗೆಯ ಅಂಚು ಹಿಡಿದು ನಿಂತರು, ಬಗ್ಗಿ ಚೊಂಬು ತೆಗೆದುಕೊಂಡರು.

"ಉಮ್ಮಿ, ನಾನು ಸುಫಿಯಾ" ಎಂದು ಸುಫಿಯಾ ಶುರು ಮಾಡಿದಳು. ಸತ್ತವರ ಜೊತೆ ಅವಳು ಮಾತಾಡುತ್ತಿರುವುದು ಅದೇ ಮೊದಲು. "ಮೊದಲು ಬಲಗೈ ತೊಳೀತೀನಿ. ಕಚಗುಳಿ ಆದ್ರೆ ನಿಮ್ಮಮ್ಮ ನನ್ನನ್ನ ಬಿಡಲ್ಲ, ಇಲ್ಲೇ ನಿಂತವ್ರೆ."

ಮುಂದಿನ ಕೆಲಸ ಅದರ ಕ್ರಮದಲ್ಲಿ ನಡೆಯಿತು. ಕೈ, ಮುಖ, ತಲೆ. ಎಡಕ್ಕೆ ತಿರುಗಿಸಿ ಬಲಭಾಗ, ಬಲಕ್ಕೆ ತಿರುಗಿಸಿ ಎಡಭಾಗ. ಸುಫಿಯಾ ಹೇಳುತ್ತಾ ಹೋದಳು, ಆಮಿನಾಬಿ ನೀರು ಹಾಕುತ್ತಾ ಹೋದರು. ಅವರು ಅಳಲಿಲ್ಲ. ನೀರು ಮಾತ್ರ ಬೇಕಾದ ಕಡೆ, ಬೇಕಾದಷ್ಟೇ ಬೀಳುತ್ತಿತ್ತು. ಮರೆಯ ಸಂದಿನಿಂದ ಮಂಗಳಮ್ಮ ಬೆಚ್ಚಗಿನ ನೀರಿನ ಬಕೆಟ್ಟುಗಳನ್ನು ಒಂದೊಂದಾಗಿ ಒಳಕ್ಕೆ ತಳ್ಳುತ್ತಿದ್ದಳು.

ಕೊನೆಗೆ ಉಳಿದದ್ದು ಕರ್ಪೂರದ ನೀರು. ಅದನ್ನು ತಲೆಯಿಂದ ಪಾದದವರೆಗೆ ಮೂರು ಸಲ ಹಾಕಿದರೆ ಸಾಕು. ಬೇಕೆನಿಸಿದರೆ ಐದು, ಇನ್ನೂ ಬೇಕೆನಿಸಿದರೆ ಏಳು. ಒಟ್ಟು ಬೆಸಸಂಖ್ಯೆಯಲ್ಲಿ ನಿಲ್ಲಬೇಕು. ಆಮಿನಾಬಿ ಸಾಮಾನ್ಯವಾಗಿ ಮೂರಕ್ಕೇ ನಿಲ್ಲಿಸಿಬಿಡುತ್ತಿದ್ದರು. ಮೂರನೆಯದು ಬಿತ್ತೆಂದರೆ ಒರೆಸುವ ಬಟ್ಟೆ ಬರಬೇಕು, ಮೇಲೆ ಕಫನ್‌ನ ಬಿಳಿ ಬಟ್ಟೆ ಹೊದಿಸಬೇಕು, ಅದಾದ ಮೇಲೆ ಮುಖವಷ್ಟೇ ಕಾಣುವುದು.

ಒಂದು. ಎರಡು. ಮೂರು.

ಸುಫಿಯಾ ಒಣ ಬಟ್ಟೆಗೆ ಕೈ ಚಾಚಿದಳು. ಅಷ್ಟರಲ್ಲಿ ಚೊಂಬು ಮತ್ತೆ ಬಕೆಟ್ಟಿಗಿಳಿದು, ಮೇಲೆ ಬಂದು, ಸುರಿದಾಗಿತ್ತು.

"ನಾಲ್ಕಾಯ್ತಲ್ಲ!" ಎಂದು ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡಳು.

ಆಮಿನಾಬಿ ಕೈಯಲ್ಲಿದ್ದ ಖಾಲಿ ಚೊಂಬನ್ನು ನೋಡುತ್ತಾ ನಿಂತರು. ಇಪ್ಪತ್ತಾರು ವರ್ಷದಲ್ಲಿ ಅವರ ಎಣಿಕೆ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ನಾಲ್ಕಕ್ಕೆ ನಿಲ್ಲಿಸುವಂತಿಲ್ಲ. ಚೊಂಬು ಕಿತ್ತುಕೊಂಡು ತಾನೇ ಇನ್ನೊಂದು ಹಾಕಿ ಮುಗಿಸಬಹುದು ಎಂದು ಸುಫಿಯಾಗೆ ಹೊಳೆಯಿತು. ಆದರೆ ಅದೂ ಎಳೆದಾಟವೇ. ಅವರಿಗೇ ಬಿಟ್ಟರೆ? ಐದಾದ ಮೇಲೆ ಆರು, ಆಮೇಲೆ ಏಳು ಇದೆಯಲ್ಲ ಎಂಬ ನೆವ. ಬಕೆಟ್ಟಿನಲ್ಲಿ ಇನ್ನೂ ಅರ್ಧ ನೀರಿತ್ತು, ಹೊರಗೆ ಒಲೆ ಉರಿಯುತ್ತಿತ್ತು. ಗುರುಪುರದ ಆ ತಾಯಿಯನ್ನು ಹಿಡಿದು ಎಬ್ಬಿಸಲು ನಾಲ್ಕು ಜನ ಬೇಕಾಗಿದ್ದರು. ಇಲ್ಲಿ ಅಷ್ಟು ಜನವೂ ಇರಲಿಲ್ಲ.

"ಇನ್ನೊಂದೈತೆ ಖಾಲಾ" ಎಂದಳು ಸುಫಿಯಾ. "ಹಾಕಿ. ಅದು ನಿಮ್ದೇ."

ಬೆಳಗಿನಿಂದ ಮೊದಲ ಬಾರಿಗೆ ಆಮಿನಾಬಿ ಅವಳ ಮುಖವನ್ನು ನೇರವಾಗಿ ನೋಡಿದರು. ಚೊಂಬು ತುಂಬಿಕೊಂಡರು. ಮಗಳ ತಲೆಯ ಹತ್ತಿರ ಬಂದರು. ಈ ಸಲ ನೀರು ಎಷ್ಟು ನಿಧಾನವಾಗಿ ಬಿತ್ತೆಂದರೆ ಸದ್ದೇ ಆಗಲಿಲ್ಲ.

"ತಲೆ ಆಯ್ತು ಕಣವ್ವ" ಎಂದರು. ಅದು ಅವರ ಎಂದಿನ ದನಿ, ಬಳೆ ತೊಡಿಸುವವಳ ದನಿ. "ಹೆಗಲಾಯ್ತು. ಹೊಟ್ಟೆ ಮ್ಯಾಲೆ ಹಾಕ್ತಿವ್ನಿ, ಬೆಚ್ಚಗೈತೆ. ಮಂಡಿ. ಕಾಲು." ಚೊಂಬಿನ ಕೊನೆಯ ಹನಿಯನ್ನು ಪಾದದ ಬೆರಳುಗಳ ಮೇಲೆ ಬಿಟ್ಟರು. "ನಿಮ್ಮಮ್ಮಂದು ಮುಗೀತು. ಇನ್ ಮ್ಯಾಲೆ ಸುಫಿಯಾ ಒರೆಸ್ತಾಳೆ, ಬಟ್ಟೆ ಹಾಕ್ತಾಳೆ. ಅವ್ಳ್ ಯೋಳ್ದಂಗ್ ಕೇಳು."

ಬಗ್ಗಿ ಚೊಂಬನ್ನು ಬೋರಲು ಹಾಕಿದರು.

ಮುಂದಿನ ಜಗಲಿಯಲ್ಲಿ ಗಂಡಸರ ಗುಜುಗುಜು ನಿಂತಿತ್ತು. ಮರೆಯ ಆಚೆಯಿಂದ ಮಂಗಳಮ್ಮನ ದನಿ ಬಂತು, ಹೊಗೆಗೋ ಅಳುವಿಗೋ ಒಡೆದ ದನಿ. "ಎಷ್ಟಾಯ್ತವ್ವಾ? ಇನ್ನೊಂದ್ ಬಕೆಟ್ಟು ಬೆರಸ್ಲಾ?"

ಸುಫಿಯಾ ಬಾಯಿ ತೆರೆದಳು. ಅವಳಿಗಿಂತ ಮುಂಚೆ ಆಮಿನಾಬಿಯೇ, ಜಗಲಿಯಲ್ಲಿ ಕೂತಿದ್ದ ನಸೀರ್‌ಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಬ್ಯಾಡ ಕಣ್ ಮಂಗ್ಳಾ, ಒಲೆ ಆರಿಸು. ಐದು."